ಮಿಡತೆಯ ತಲೆಯೊಳಗಿನ ಎರಡು ಮುತ್ತು

ಐತ್ ಮೆಲ್ಲೂಲ್,
೧೪ ಮಾರ್ಚ್ ೧೯೮೯

ಒಂದು ಕಾಲಕ್ಕೆ ನನ್ನ ಗಂಡನಾಗಿದ್ದ ಬೂಜಮಾ ಅವರಿಗೆ, ಇಜ್ಜಾಳ ಸಲಾಮು.

ನಿಮ್ಮ ಚೀಟಿ ತಲುಪಿತು. ನಿನ್ನೆಯ ಪ್ರದರ್ಶನದಲ್ಲಿ ಎಲ್ಲರಿಗಿಂತ ಜೋರಾಗಿ ನಾನೇ ಯಾಕೆ ಚಪ್ಪಾಳೆ ತಟ್ಟಿದೆ ಎಂದು ಕೇಳಿದ್ದೀರಿ. ಹಳೆಯ ಪ್ರೀತಿ ಇನ್ನೂ ಆರಿಲ್ಲವೆಂದು ನಿಮ್ಮ ಊಹೆ. ಇರಲಿ.

ಮಿಡತೆಯ ಮಿದುಳಿನ ಕೆಲವು ನರಕೋಶಗಳು ರಸ ಸುರಿಸುತ್ತವೆ. ಮಿದುಳಿನ ಹಿಂದಿರುವ, ಮುತ್ತಿನಂಥ ಎರಡು ಪುಟ್ಟ ಗ್ರಂಥಿಗಳು ಆ ರಸದ ಅಪ್ಪಣೆಗೆ ಕಾಯುತ್ತವೆ. ಗ್ರಂಥಿ ದುಡಿದರೆ ಮಾತ್ರ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದು. ಅಪ್ಪಣೆ ಕೊಡುವ ಕೋಶಗಳು ಯಾವುವೆಂದು ಕೂದಲೆಳೆಯಂಥ ತಂತಿ ಕಾಯಿಸಿ, ಒಂದೊಂದಾಗಿ ಸುಟ್ಟು ಕಂಡುಹಿಡಿದವಳು ನಾನು. ಪ್ರಬಂಧದ ಮೇಲೆ ಅಚ್ಚಾದದ್ದು ನಿಮ್ಮ ಹೆಸರು. ರಬಾತಿನಲ್ಲಿ ಯಾರೋ ನನ್ನ ವಿಚಾರ ಎತ್ತಿದಾಗ ನೀವು ನಕ್ಕಿರಂತೆ: "ಅವಳಾ? ದೀಪ ಹಿಡ್ಕೊಂಡು ನಿಂತಿರ್ತಿದ್ಲು, ಅಷ್ಟೇ."

ಮನೆಯಲ್ಲಿ ನಿಮ್ಮ ತಾಯಿ, "ಇವಳ ಕೈಯೆಲ್ಲಾ ಮಿಡತೆ ನಾತ. ಇವಳು ಉದುರಿಸಿದ ಕುಸ್ಕುಸ್ ಯಾರ ಗಂಟಲಲ್ಲಿ ಇಳಿಯುತ್ತೆ?" ಎಂದರು. ನೀವು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ತಲಾಕ್. ಆಮೇಲೆ ನನಗೆ ಪಂಜರಗಳ ಕೆಲಸ, ಮಿಡತೆಗೆ ಹುಲ್ಲು ಹಾಕುವುದು.

ನಮ್ಮ ಮಿಡತೆ ಸಂಶೋಧನಾ ಕೇಂದ್ರದ ಮುಖ್ಯಸ್ಥರನ್ನು ಆರಿಸಲು ಮಂಡಳಿ ಬರುತ್ತದೆಂದಾಗ, ಅವರೆದುರು ಗ್ರಂಥಿ ತೆಗೆದು ತೋರಿಸಬೇಕಿದ್ದ ನೀವೇ ಪಂಜರದ ಬಳಿ ಬಂದಿರಿ. "ಇಜ್ಜಾ, ಒಳ್ಳೇ ಹೆಣ್ಣು ಮಿಡತೆ ಒಂದು ಆರಿಸಿ ಕೊಡೇ. ನಿನ್ನ ಬಿಟ್ರೆ ನಂಗ್ಯಾರಿದ್ದಾರೆ?"

"ಕೊಡ್ತೀನಿ ಬೂಜಮಾ ಸಾಹೇಬ್ರೇ, ನಿಮಗಂತಲೇ ಒಂದು ಎತ್ತಿಟ್ಟಿದೀನಿ" ಎಂದೆ.

ನಿನ್ನೆ ಮಸೂರದ ಕೆಳಗೆ ನಿಮ್ಮ ಚಿಮಟ ಬಹಳ ಹೊತ್ತು ಹುಡುಕಾಡಿತು. ಕೊನೆಗೆ ಬೆಳ್ಳಗಿನ ಕಣವೊಂದನ್ನು ಎತ್ತಿ ಹಿಡಿದಿರಿ. "ನೋಡಿ, ಇದೇ ಆ ಗ್ರಂಥಿ!"

ಮಂಡಳಿಯ ಹಿರಿಯಮ್ಮ ಲಲ್ಲಾ ಕೆನ್ಝಾ ಮುಂದಿನ ಸಾಲಿನಿಂದ ಕೇಳಿದರು: "ಖಾತ್ರಿನಾ ಮಗನೇ?"

"ಲಲ್ಲಾ, ಎಷ್ಟು ಸಲ ತೆಗ್ದಿದೀನೋ ಲೆಕ್ಕ ಇಲ್ಲ. ಕಣ್ಣು ಕಟ್ಟಿದ್ರೂ ತೆಗೀತೀನಿ."

ಆಗ ತಟ್ಟಿದೆ ನಾನು, ಅಂಗೈ ಉರಿಯುವ ತನಕ. ಮೂರು ವರ್ಷದಿಂದ ಎದೆಯಲ್ಲಿ ಕಲ್ಲಾಗಿ ಕೂತಿದ್ದದ್ದು ಆ ಕ್ಷಣ ಕರಗಿತು. ಅದು ಪ್ರೀತಿಯಲ್ಲ, ಬೂಜಮಾ.

ನಾಳೆ ಹೆಸರು ಕೂಗುತ್ತಾರೆ. ಹೊಸ ಜೆಲ್ಲಾಬಾ ಹೊಲಿಸಿದ್ದೀರೆಂದು ಕೇಳಿದೆ. ತಪ್ಪದೆ ತೊಟ್ಟು ಬನ್ನಿ.

ಇಂತಿ,
ಇಜ್ಜಾ ಬಿಂತ್ ಲಹ್ಸೆನ್

ಮರೆತ ಮಾತು: ಆ ಮಿಡತೆಗೆ ಗ್ರಂಥಿಯೇ ಇರಲಿಲ್ಲ. ಆ ಸಂಶೋಧನೆ ನನ್ನದೆಂಬ ದೂರು ಕೇಳಿದ ಲಲ್ಲಾ ಕೆನ್ಝಾ, "ಬಾಯಿಮಾತು ಬೇಡ ಮಗಳೇ, ಕಣ್ಣಿಗೆ ತೋರ್ಸು" ಎಂದಿದ್ದರು. ಆ ಮಿಡತೆಗೆ ರೆಕ್ಕೆ ಬಂದ ಹೊಸದರಲ್ಲೇ ಎರಡು ಗ್ರಂಥಿಯನ್ನೂ ಅವರ ಎದುರಿಗೇ ತೆಗೆದು ಗಾಯ ಮಾಯಿಸಿದ್ದೆ. ತಿಳಿದವರಾಗಿದ್ದರೆ, ಬಲಿತ ಹೆಣ್ಣಿನ ಹೊಟ್ಟೆ ಮೊಟ್ಟೆಯಿಲ್ಲದೆ ಯಾಕೆ ಬತ್ತಿದೆಯೆಂದು ಮೊದಲೇ ಕೇಳುತ್ತಿದ್ದರು. ನೀವು ಎತ್ತಿ ತೋರಿಸಿದ್ದು ಕೊಬ್ಬಿನ ಚೂರು. ನಾಳೆ ನಿಮ್ಮನ್ನು ವೇದಿಕೆಗೆ ಕರೆಯುವುದು ಕುರ್ಚಿ ಕೊಡಲಿಕ್ಕಲ್ಲ, ಎಲ್ಲರೆದುರು ಇನ್ನೊಂದು ಮಿಡತೆ ಕೊಡಲಿಕ್ಕೆ. ಗ್ರಂಥಿ ಇರುವುದನ್ನು ಕೊಡಬೇಕೋ ಇಲ್ಲದ್ದನ್ನೋ, ಆರಿಸುವವಳು ನಾನು.