ಹದಿನೇಳನೆಯ ಕಿಟಕಿ

ಪ್ರಾದಾಲ್, ಎಂಗಡೀನ್ ಕಣಿವೆ
ಡಿಸೆಂಬರ್ 18, ಗುರುವಾರ

ಪ್ರೀತಿಯ ತಂಗಿ ಮೆಂಗಿಯಾ,

ಮೊಣಕಾಲು ಹೇಗಿದೆ? ಬಾಸೆಲ್‌ನಲ್ಲಿ ನಿನ್ನ ಮಗಳ ಮನೆಗೆ ಮೂರು ಮಹಡಿ ಹತ್ತಬೇಕಂತೆ, ಅಂಚೆಯ ಬಾಲ್ಜೆರ್ ಹೇಳಿದ. ನಿನ್ನ ಸುದ್ದಿಯನ್ನು ನಾನು ಅಂಚೆಯವನಿಂದ ಕೇಳಿ ತಿಳಿಯುವ ಹಾಗಾಯಿತು, ನೋಡು. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಹಾಗೇ ಇದೆ. ಬಾಯಿಯೂ ಹಾಗೇ ಇರಬೇಕು ಎಂದು ನೀನು ನಗಬಹುದು. ನಗು, ಪರವಾಗಿಲ್ಲ. ನೀನು ಹೋಗಿ ಹನ್ನೊಂದು ತಿಂಗಳಾದರೂ ಬಾರ್ಲಿ ಸಾರನ್ನು ಇಬ್ಬರಿಗಾಗುವಷ್ಟು ಮಾಡುವ ಚಾಳಿ ಬಿಟ್ಟಿಲ್ಲ. ಮರುದಿನವೂ ಅದನ್ನೇ ಬಿಸಿ ಮಾಡಿ ಒಬ್ಬಳೇ ಕುಡಿಯುತ್ತೇನೆ.

ಒಂದನೇ ತಾರೀಖಿನಿಂದ ಕ್ರಿಸ್‌ಮಸ್ ಕಿಟಕಿಗಳು ಶುರುವಾಗಿವೆ. ಇಪ್ಪತ್ತನಾಲ್ಕರವರೆಗೆ ದಿನಕ್ಕೊಂದು ಮನೆ, ಸಿಂಗರಿಸಿದ ಒಂದು ಕಿಟಕಿ, ಸಂಜೆ ಐದಕ್ಕೆ ಸರಿಯಾಗಿ ದೀಪ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಚಳಿಗಾಲದ ಸಂಜೆಗಳಿಗೆ ನಾನೇ ಯಜಮಾನಿ. ಯಾರ ಸರದಿ ಯಾವತ್ತು, ಬಿಸಿ ಸೇಬಿನ ರಸ ಯಾರದು, ಹಾಡು ಯಾವುದು, ಎಲ್ಲವೂ ನನ್ನ ಪಟ್ಟಿಯಂತೆ. ಮಿಣುಕುವ ಬಲ್ಬು ಕೂಡದು, ಲೋಟ ಅವರವರೇ ತರಬೇಕು. ನನ್ನ ಕಟ್ಟಳೆಗಳು ನಿನಗೆ ಬಾಯಿಪಾಠ. ಈ ಸಲ ಬೇಕರಿಯವರು ಹಿಟ್ಟಿನಲ್ಲೇ ಇಡೀ ಊರನ್ನು ಮಾಡಿಟ್ಟರು. ದೀಪದ ಶಾಖಕ್ಕೆ ಚರ್ಚಿನ ಗೋಪುರ ನಮ್ಮೆದುರೇ ಸೊಟ್ಟಗಾಯಿತು. ಎಲ್ಲರೂ ನಕ್ಕರು. ನಾನೂ ನಕ್ಕು, ನಿನಗೇನೋ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೋ ಪ್ರವಾಸಿ ನಿಂತಿದ್ದರು.

ಈಗ ನನ್ನ ತಪ್ಪು ಕೇಳು. ನವೆಂಬರಿನಲ್ಲಿ ಹೋದ ವರ್ಷದ ಪಟ್ಟಿಯನ್ನು ಮುಂದಿಟ್ಟುಕೊಂಡು ಹೊಸದನ್ನು ಬರೆದೆ. ಹದಿನೇಳು: ಮೆಂಗಿಯಾ. ಕೈ ತಾನಾಗಿ ಬರೆಯಿತು. ಅಂಗಡಿಯ ಬಾಗಿಲಲ್ಲೂ ಬಸ್ ನಿಲ್ದಾಣದಲ್ಲೂ ಅದೇ ಅಂಟಿತು. ಹದಿನೇಳು ಎಂದರೆ ನೀನು ಎಂಬುದು ನನಗೆಷ್ಟು ರೂಢಿಯಾಗಿತ್ತೆಂದರೆ, ದಿನಾ ನೋಡಿಯೂ ನಾನದನ್ನು ನೋಡಿರಲಿಲ್ಲ. ಊರಿನವರೂ ನೀನು ಬರುತ್ತೀಯೆಂದೇ ನಂಬಿ ಸುಮ್ಮನಿದ್ದರಂತೆ. ನನ್ನ ತಲೆಗೆ ಹೊಳೆದದ್ದು ನಿನ್ನೆ ಮಧ್ಯಾಹ್ನ. ಎರಡೂ ಬೀಗದ ಕೈ ನಿನ್ನ ಹತ್ತಿರವಿವೆ. ಬಂದವರನ್ನು ಕ್ಷಮೆ ಕೇಳಿ ಹಿಂದೆ ಕಳಿಸೋಣವೆಂದು ಐದಕ್ಕೆ ಮೊದಲೇ ಹೋಗಿ ನಿನ್ನ ಮನೆಯ ಮುಂದೆ ನಿಂತೆ.

ಸುಮಾರು ನಲವತ್ತು ಜನ ಲೋಟ ಹಿಡಿದು ಬಂದರು. ಚರ್ಚಿನ ಗಂಟೆ ಐದು ಹೊಡೆಯಿತು. ನಿನ್ನ ಕಿಟಕಿ ಕತ್ತಲಾಗಿಯೇ ಇತ್ತು. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆನೋ ಇಲ್ಲವೋ, ಬಾಲ್ಜೆರ್ ಗದರಿದ: "ಒಂದ್ಸಲನಾದ್ರೂ ಬಾಯ್ಮುಚ್ಕೊಂಡಿರೇ ಬಾರ್ಬ್ಲಾ. ನೋಡ್ತಾ ಇದ್ದೀವಲ್ಲ!" ಆಮೇಲೆ ಅವನು ಟೊಪ್ಪಿಗೆ ತೆಗೆದ. ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ದೀಪವಿಲ್ಲದಿರುವುದೇ ಈ ಸಲದ ಅಲಂಕಾರವೆಂದು ಅವರು ತಿಳಿದಿದ್ದರು, ಮೆಂಗಿಯಾ! ಕಾಲು ಗಂಟೆ ಯಾರೂ ಕದಲಲಿಲ್ಲ. ಕಪ್ಪು ಗಾಜಿನಲ್ಲಿ ನಮ್ಮದೇ ಲಾಂದ್ರಗಳು, ನಮ್ಮದೇ ಮುಖಗಳು. ಬೇಕರಿಯವಳು ನಿನ್ನ ಗಂಡ ಫ್ಲುರಿನ್ ಯಾವಾಗಲೂ ಅಪಸ್ವರದಲ್ಲಿ ಹಾಡುತ್ತಿದ್ದ ಹಾಡನ್ನು ಮೆಲ್ಲಗೆ ಎತ್ತಿಕೊಂಡಳು. ಹೋಗುವಾಗ ಒಬ್ಬೊಬ್ಬರೂ ನನ್ನ ಕೈ ಹಿಡಿದರು. "ಇಷ್ಟು ವರ್ಷದಲ್ಲಿ ಇಂಥಾ ಸಂಜೆ ನೀನು ಮಾಡೇ ಇರ್ಲಿಲ್ಲ ಬಿಡು" ಎಂದ ಬಾಲ್ಜೆರ್. ತಪ್ಪಾಗಿ ಆದದ್ದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಅತ್ತೆ.

ಹೋದ ವರ್ಷ ನೀನು ಕಿಟಕಿಯಲ್ಲಿ ಇಟ್ಟದ್ದು ಒಂದೇ ಮೇಣದಬತ್ತಿ ಮತ್ತು ಫ್ಲುರಿನ್ ಕೂರುತ್ತಿದ್ದ ಕುರ್ಚಿ. ಅವನು ತೀರಿಕೊಂಡು ಆಗ ಎರಡು ತಿಂಗಳು. ನಾನು ಎಲ್ಲರೆದುರು, "ಜನ ಈ ಚಳೀಲಿ ಬಂದು ನಿಲ್ಲೋದು ಖಾಲಿ ಕುರ್ಚಿ ನೋಡೋಕಾ?" ಅಂದುಬಿಟ್ಟೆ. ನೀನು ಪರದೆ ಎಳೆದೆ. ಜನವರಿಯಲ್ಲಿ ಮನೆಗೆ ಬೀಗ ಹಾಕಿ ಹೊರಟುಹೋದೆ. ಹೌದು ಮೆಂಗಿಯಾ, ಜನ ಬಂದು ನಿಲ್ಲುವುದು ಅದನ್ನು ನೋಡುವುದಕ್ಕೂ ಹೌದು. ಯಜಮಾನಿಕೆ ಮಾಡಿದ ನನಗೊಬ್ಬಳಿಗೇ ಅದು ತಿಳಿದಿರಲಿಲ್ಲ.

ಮಗಳಿಗೆ ನನ್ನ ನೆನಪು ಹೇಳು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ.

ನಿನ್ನ ಬಾಯಿಬಡುಕಿ ಅಕ್ಕ,
ಬಾರ್ಬ್ಲಾ

ಮರೆತಿದ್ದೆ: ಬಾಲ್ಜೆರ್ ಚೀಲ ಹಿಡಿದು ಬಾಗಿಲಲ್ಲಿ ಗೊಣಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕು ಯಾವತ್ತಿನಂತೆ ನನ್ನ ಕಿಟಕಿ. ಒಂದು ಮೇಣದಬತ್ತಿ ಇಟ್ಟಿದ್ದೇನೆ, ನನ್ನ ಅಡುಗೆಮನೆಯಿಂದ ನೀನು ಯಾವಾಗಲೂ ಕೂರುತ್ತಿದ್ದ ನೀಲಿ ದಿಂಬಿನ ಕುರ್ಚಿ ತಂದು ಇಟ್ಟಿದ್ದೇನೆ. ಅದು ಖಾಲಿ ಇದ್ದರೆ ಊರಿನವರು ಮತ್ತೆ ನನ್ನನ್ನು ಹೊಗಳುತ್ತಾರೆ. ನನಗೆ ಹೊಗಳಿಕೆ ಸಾಕಾಗಿದೆ. ಐದರೊಳಗೆ ಬಂದು ಕೂತುಬಿಡು.