ಮರೆತ ಮೇಲೂ ಉಳಿದ ಅಳು

ಅವ್ವಾ,

ಕೌಜಲಗಿಯ ಶಾಲೆಯಿಂದ ನಿವೃತ್ತಳಾದ ಮೇಲೆ ನೀನು ಹಾರ್ಮೋನಿಯಂ ಕಲಿಯಲು ಗೋಕಾಕದ ಬಸ್ ಹತ್ತುತ್ತಿದ್ದೆಯಲ್ಲ, ಆ ದಿನಗಳು ನೆನಪಾಗುತ್ತವೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಅಪ್ಪ ನಕ್ಕರೆ, "ಹೊಸಾದೇನರ ಕಲೀಲಿಲ್ಲಂದ್ರ ತಲಿಗೆ ಜಂಗ್ ಹಿಡೀತೈತ್ರಿ" ಎನ್ನುತ್ತಿದ್ದೆ. ಬೆಳಿಗ್ಗೆ ಪೇಪರಿನ ಪದಬಂಧ, ಸಂಜೆ ಓಣಿಯ ಹುಡುಗಿಯರಿಗೆ ಬಾಯಿಲೆಕ್ಕ. ಮಿದುಳನ್ನು ಅಷ್ಟು ಜೋಪಾನ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಹಾಗಿದ್ದೂ...

ಗೋಕಾಕದ ಬಸ್ಸೆಂದು ಇನ್ನಾವುದನ್ನೋ ಹತ್ತಿ ನೀನು ಮೂಡಲಗಿಯಲ್ಲಿ ಇಳಿದ ದಿನ ನಾನೇ ಕರೆತರಲು ಬಂದಿದ್ದೆ. ಬಸ್ ನಿಲ್ದಾಣದಲ್ಲಿ ಚೀಲ ಅಪ್ಪಿಕೊಂಡು ಕುಳಿತಿದ್ದವಳು, "ನಾ ಯಾಕ ಬಂದೇನವಾ ಇಲ್ಲಿ?" ಎಂದು ನನ್ನನ್ನೇ ಕೇಳಿದೆ. ಬೆಳಗಾವಿಯ ಡಾಕ್ಟರು, "ಹಳೇದು ಉಳೀತೈತ್ರಿ, ಹೊಸಾದು ನಿಲ್ಲೂದಿಲ್ಲ" ಎಂದರು. ಹಾಗಾದರೆ ಆ ಪದಬಂಧ, ಆ ಹಾರ್ಮೋನಿಯಂ ಎಲ್ಲ ವ್ಯರ್ಥವೇ ಎಂದು ನಾನು ಕೇಳಿದೆ. "ಅದರಿಂದನ ಇಷ್ಟ ದಿನ ತಡದಿರಬಹುದ್ರಿ." ಇರಬಹುದು.

ಆ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಹೆಣದ ಪಕ್ಕದಲ್ಲೇ ಕುಳಿತು ಅತ್ತವಳು, ಕೆಲವೇ ದಿನಗಳಲ್ಲಿ ಅವನಿಗೂ ತಟ್ಟೆ ಹಾಕಿ, "ಇವ್ರು ಎಲ್ಲಿ ಹೋದ್ರವಾ?" ಎಂದೆ. ಅಣ್ಣ ನಿನ್ನ ಕೈ ಹಿಡಿದು, "ಅಪ್ಪ ಹೋಗಿಬಿಟ್ಟಾನಬೇ" ಎಂದ. "ಯಾವಾಗ? ನಂಗ್ಯಾಕ ಯಾರೂ ಹೇಳಲಿಲ್ಲ?" ಎಂದು ಎದೆ ಬಡಿದುಕೊಂಡೆ. ಸಂಜೆಯ ಹೊತ್ತಿಗೆ ಸುದ್ದಿ ಮರೆತಿತ್ತು, ಅಳು ಹೋಗಿರಲಿಲ್ಲ. "ಯಾಕೋ ಜೀವಕ್ಕ ಸಮಾಧಾನನ ಇಲ್ಲ" ಎನ್ನುತ್ತ ಊಟ ಬಿಟ್ಟೆ. ಕಾರಣ ಅಳಿಸಿಹೋದ ಮೇಲೂ ದುಃಖವನ್ನು ಹಿಡಿದಿಟ್ಟುಕೊಳ್ಳುವ ಈ ಮನಸ್ಸು ಎಂಥದ್ದು, ಅವ್ವಾ?

ಮರುದಿನ ನೀನು ಮತ್ತೆ ಕೇಳಿದೆ. ಅಣ್ಣ ಬಾಯಿ ತೆರೆಯುವ ಮುನ್ನ ನಾನು, "ಹುಕ್ಕೇರಿಗೆ ಹೋಗ್ಯಾನಬೇ, ಅತ್ತಿ ಮನಿಗೆ" ಎಂದೆ. "ಹೌದೇನು? ತಂಗಿ ಮನಿಗೆ ಹೋದ್ರ ಲಗೂ ಬರೂದಿಲ್ಲ ಬಿಡು" ಎಂದು ನಕ್ಕು, ಹೊಟ್ಟೆ ತುಂಬ ಉಂಡೆ. ಅಡುಗೆಮನೆಯಲ್ಲಿ ಅಣ್ಣ ಸಿಟ್ಟಾದ.

"ಕಟಕೊಂಡ ಗಂಡ ಸತ್ತದ್ದನ್ನ ಮುಚ್ಚಿಡಾಕ ನಾವ್ಯಾರು?"

"ದಿನಾ ಆಕಿ ಕುಂಕುಮ ಅಳಸಾಕ ನಾವ್ಯಾರಣ್ಣ?"

ಅವನು ಅಂದಿನಿಂದ ನಿನ್ನ ಕಣ್ಣು ತಪ್ಪಿಸಿಯೇ ಓಡಾಡಿದ.

ಬರಬರುತ್ತ ನೀನು ನನ್ನನ್ನೂ "ಬರ್ರಿ, ಕೂಡ್ರಿ, ಚಾ ಕುಡೀತೀರೇನ್ರಿ?" ಎಂದು ಉಪಚರಿಸತೊಡಗಿದೆ. ಹೆತ್ತ ಮಗಳಿಗೆ 'ರಿ'! ಆ ಒಂದು ಅಕ್ಷರದಲ್ಲಿ ನಾನು ಯಾರದೋ ಮನೆಯವಳಾಗಿಬಿಟ್ಟೆ. ನೀನು ಕಣ್ಣು ಮುಚ್ಚಿದ ದಿನವೂ ಬಾಗಿಲನ್ನೇ ನೋಡುತ್ತಿದ್ದೆ. ಅಪ್ಪನಿಗಾಗಿಯೇ? ಅಥವಾ... ನಾನು ಮಾಡಿದ್ದು ಸರಿಯೇ ಎಂದು ಈಗ ಯಾರನ್ನು ಕೇಳಲಿ?

ನಿನಗೆ ಗೊತ್ತಿಲ್ಲದ ಒಂದು ಸುದ್ದಿಯಿದೆ. ಈಚೆಗೆ ನನಗೂ ಮಾತಿನ ನಡುವೆ ಹೆಸರುಗಳು ಸಿಗುತ್ತಿಲ್ಲ. ಅದೇ ಡಾಕ್ಟರ ಬಳಿ ಹೋಗಿದ್ದೆ. ತಪಾಸಣೆಯೆಲ್ಲ ಮುಗಿಸಿ, "ಸುರುವಾಗೇತ್ರಿ" ಎಂದರು. ಮನೆಗೆ ಬಂದು ಮಗಳನ್ನು ಹತ್ತಿರ ಕೂರಿಸಿಕೊಂಡೆ. "ಮುಂದ ನಂಗ ಖರೆ ಹೇಳಬೇಕೋ, ಸುಳ್ಳ ಹೇಳಬೇಕೋ, ಆ ಹೊತ್ತಿಗೆ ನಿಂಗ ತಿಳಿದಂಗ ಮಾಡವಾ. ಏನ್ ಮಾಡಿದ್ರೂ ನನ್ನ ಒಪ್ಪಿಗಿ ಐತಿ. ನೆನಪಿದ್ದಾಗನ ಹೇಳಾಕತ್ತೇನಿ." ಅವಳು ನನ್ನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ನಿನ್ನಿಂದ ನಾನು ಕೇಳಿಸಿಕೊಳ್ಳಲಾಗದೆ ಹೋದ ಮಾತು ಅದು. ಅವಳಿಗಾದರೂ ಸಿಗಲಿ, ಅವ್ವಾ.

ನಿನ್ನ ಮಗಳು