ಬೆನ್ನ ಹಿಂದಿನ ಪಿನ್ನು

ಅಮ್ಮಾ,

ಅಪ್ಪನನ್ನೂ ನನ್ನನ್ನೂ ಹಳೆಯ ಫ್ಯಾಷನ್ ಮ್ಯಾಗಜಿನ್‌ಗಳ ರಾಶಿಯನ್ನೂ ನೀನು ಒಟ್ಟಿಗೇ ಬಿಟ್ಟುಹೋದೆ. ಅಪ್ಪ ಅವನ್ನು ರದ್ದಿಗೆ ಹಾಕಲು ಹೊರಟಾಗ ನಾನು ಬಿಡಲಿಲ್ಲ. ನೀನು ಇದನ್ನು ಓದುವುದಿಲ್ಲವಾದ್ದರಿಂದ ಹೇಳುತ್ತೇನೆ: ಈಗ ನಾನೂ ನಿನ್ನಂತೆಯೇ ದಿನಾ ಬೆಳಿಗ್ಗೆ ಒಂದು ಪುಟ ತೆರೆದು, ಬೀರುವಿನಲ್ಲಿ ಇರುವುದರಲ್ಲೇ ಆ ಚಿತ್ರದ ಹಾಗೆ ಅಲಂಕರಿಸಿಕೊಂಡು ಆಫೀಸಿಗೆ ಹೋಗುತ್ತೇನೆ.

ಇವತ್ತು ನೀನು ಬಿಟ್ಟುಹೋದ ಬೂದು ಬಣ್ಣದ ಉದ್ದನೆಯ ಅಂಗಿ ಹಾಕಿಕೊಂಡಿದ್ದೆ. ನನಗದು ದೊಗಳೆ. ಚಿತ್ರದವಳಂತೆ ಮೈಗೊಪ್ಪಲೆಂದು, ನೀನು ಮಾಡುತ್ತಿದ್ದ ಹಾಗೆಯೇ, ಬೆನ್ನ ಹಿಂದೆ ಬಟ್ಟೆ ಮಡಚಿ ಪಿನ್ನು ಚುಚ್ಚಿಕೊಂಡೆ. ಮೀಟಿಂಗಿನ ನಡುವೆ ಅದು ಕಳಚಿತು. ಪಕ್ಕದ ಟೇಬಲಿನವಳು ಕಿಸಕ್ಕನೆ ನಕ್ಕಳು. "ಮುಂದೆ ಮಹಾರಾಣಿ, ಹಿಂದೆ ಮೂಟೆ ಕಣೇ!"

"ಎದುರಿಗೆ ಚೆನ್ನಾಗಿ ಕಂಡ್ರೆ ಸಾಕು ಬಿಡೇ, ಹಿಂದೆ ಯಾರು ನೋಡ್ತಾರೆ?" ಅನ್ನುತ್ತಿದ್ದೆ ನೀನು.

ನಾನು ನೋಡಿದ್ದೇನೆ. ನೀನು ಸೂಟ್‌ಕೇಸ್ ಹಿಡಿದು ಹೊರಟ ದಿನ, ರಸ್ತೆಯ ತಿರುವಿನವರೆಗೂ ನನಗೆ ಕಂಡದ್ದು ನಿನ್ನ ಬೆನ್ನೇ. ನೀಲಿ ಅಂಗಿಯ ಮೇಲೆ ಮೂರು ಪಿನ್ನು. ಆ ಬೆಳಿಗ್ಗೆ ಅವನ್ನು ಚುಚ್ಚಿಕೊಟ್ಟವಳು ನಾನೇ. ಎಲ್ಲಿಗೆ ಹೊರಟೆ ಎಂದು ಕೇಳಲಿಲ್ಲ. "ಅಲ್ಲಾಡಬೇಡ ಅಮ್ಮಾ, ಚುಚ್ಚಿಬಿಡುತ್ತೆ" ಎಂದಿದ್ದೆ, ಅಷ್ಟೇ.